ಎಡಗಡೆಯ ಹಗ್ಗ

ಐದನೇ ಅಂತಸ್ತಿನ ಹೊರಗೋಡೆಗೆ ಬಣ್ಣ ಬಳಿಯುವಾಗ ನಾನೂ ನನ್ನ ನಾದಿನಿಯೂ ಒಂದೇ ತೂಗುಹಲಗೆಯ ಮೇಲಿರುತ್ತೇವೆ. ಹಲಗೆಯ ಎರಡು ತುದಿಗೆ ಎರಡು ಹಗ್ಗ. ಅವಳು ಒಂದು ಮೂಲೆಗೆ ಹೊರಟರೆ ನಾನು ಎದುರು ತುದಿಗೆ ಸರಿಯುತ್ತೇನೆ. ಇಬ್ಬರೂ ಒಂದೇ ಕಡೆ ಸೇರುವಂತಿಲ್ಲ.

ಅವತ್ತು ಬೆಳಿಗ್ಗೆ ಹಲಗೆ ಇನ್ನೂ ತಾರಸಿಯ ಮೇಲಿತ್ತು. ಎಡಗಡೆಯ ಹಗ್ಗದಲ್ಲಿ ಒಂದು ಎಳೆ ಕಿತ್ತುಹೋಗಿದ್ದು ಕಂಡಿತು. ಮೇಸ್ತ್ರಿಗೆ ಹೇಳಿದೆ. ಅವನಿಗೋ ಎಡಮೂಲೆ ಮಧ್ಯಾಹ್ನದೊಳಗೆ ಮುಗಿಯಬೇಕು.

“ಇಬ್ರೂ ಎಡತುದೀಲೇ ನಿಂತ್ಕೊಳ್ಳಿ, ಡಬ್ಬಾನೂ ಅಲ್ಲೇ ಇಟ್ಕೊಳ್ಳಿ. ನಿನ್ನೆಯೆಲ್ಲ ಹಲಗೆ ಅಲ್ಲಾಡದೆ ನಿಂತಿತ್ತಲ್ಲ? ಅಲ್ಲಾಡದ್ದು ಹಗ್ಗನ ಜಗ್ಗುತ್ತಾ?”

ಮೈಯೆಲ್ಲ ಉರಿಯಿತು. ಗೋಡೆಗೆ ಮೆತ್ತುವ ಪುಟ್ಟಿ ಪುಡಿ ತೂಗುವ ಎರಡು ಸ್ಪ್ರಿಂಗ್ ತಕ್ಕಡಿಗಳನ್ನು ನೀರಿನ ಕೊಳವೆಗೆ ನೇತುಹಾಕಿದೆ. ಅವುಗಳ ಕೊಕ್ಕೆಗೆ ಹಗುರವಾದ ಒಂದು ಮರದ ಪಟ್ಟಿಯ ಎರಡು ತುದಿ ಕಟ್ಟಿ, ನಡುವೆ ಹತ್ತು ಕಿಲೋ ಬಣ್ಣದ ಡಬ್ಬ ಇಟ್ಟೆ. ಎರಡೂ ಮುಳ್ಳು ಐದಕ್ಕೆ ನಿಂತವು.

“ಅಲ್ಲಾಡ್ತಿದೆಯಾ?” ಮೇಸ್ತ್ರಿಯನ್ನು ಕೇಳಿದೆ.

“ಇಲ್ಲ.”

“ಮತ್ತೆ ಈ ಐದೈದು ಕಿಲೋ ಯಾರಪ್ಪನ ಮನೆಯಿಂದ ಬಂತು? ಡಬ್ಬ ಕೆಳಕ್ಕೆ ಹತ್ತು ಜಗ್ತಿದೆ, ಇವೆರಡೂ ಸೇರಿ ಮೇಲಕ್ಕೆ ಹತ್ತು ಜಗ್ತಿವೆ. ಅದಕ್ಕೇ ನಿಂತಿದೆ.”

“ನಾವಿಬ್ರೂ ಎಡಕ್ಕೆ ನಿಂತ್ರೆ?” ಅಂದು ಡಬ್ಬವನ್ನು ಎಡಕ್ಕೆ ತಳ್ಳಿದೆ. ಪಟ್ಟಿ ಸ್ವಲ್ಪ ವಾಲಿ ಮತ್ತೆ ನಿಂತಿತು. ಎಡಮುಳ್ಳು ಒಂಬತ್ತರಲ್ಲಿ, ಬಲದ್ದು ಒಂದರಲ್ಲಿ.

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಮೇಸ್ತ್ರಿ ಮುಳ್ಳು ನೋಡಲಿಲ್ಲ, ಗಡಿಯಾರ ನೋಡಿದ. “ಪಾಠ ಸಾಕು. ಇಷ್ಟ ಇಲ್ದಿದ್ರೆ ನೀನು ನಡಿ. ಅವಳೊಬ್ಳೇ ಇಳೀತಾಳೆ.”

“ಇಳೀತೀನಿ ಬಿಡಿ ಅತ್ತಿಗೆ. ಇಲ್ಲಾಂದ್ರೆ ಇಬ್ರ ಕೆಲಸಾನೂ ಹೋಗುತ್ತೆ,” ಅಂದಳು ನಾದಿನಿ. ಬ್ರಷ್ಷು ಎತ್ತಿಕೊಂಡು ಹಲಗೆಯ ಕಡೆ ಹೊರಟೇಬಿಟ್ಟಳು. ಅವಳನ್ನು ಈ ಕೆಲಸಕ್ಕೆ ಕರೆತಂದವಳೇ ನಾನು.

ಹಳೇ ಬಣ್ಣ ಕೆರೆಯುವ ಚಾಕು ನನ್ನ ಸೊಂಟದಲ್ಲಿತ್ತು. ಎಡಗಡೆಯ ಹಗ್ಗವನ್ನು ಹಿಡಿದು, ಎಳೆ ಕಿತ್ತಿದ್ದ ಕಡೆಯೇ ಕೊಯ್ದು ಎರಡು ತುಂಡು ಮಾಡಿದೆ.

“ಏಯ್! ತಲೆ ಕೆಟ್ಟಿದೆಯಾ ನಿಂಗೆ?”

“ಹೌದು, ಕೆಟ್ಟಿದೆ. ಹೊಸದು ತರಿಸಿ. ಇಲ್ಲಾ, ಇದಕ್ಕೇ ಗಂಟು ಹಾಕಿ ಮೊದಲು ನೀವು ಇಳೀರಿ.”

ಮೇಸ್ತ್ರಿ ತುಂಡನ್ನು ಎತ್ತಿಕೊಂಡ. ಒಳಗಿನ ನಾರು ಅವನ ಬೆರಳಲ್ಲೇ ಹುಡಿಯಾಯಿತು. ತಾರಸಿಯ ಅಂಚಿನಿಂದ ಒಮ್ಮೆ ಕೆಳಗೆ ಇಣುಕಿದ. ಆಮೇಲೆ ಮೆಟ್ಟಿಲ ಕಡೆ ನಡೆದ. ಅರ್ಧ ಇಳಿದ ಮೇಲೆ ಅಲ್ಲಿಂದಲೇ ಕೂಗಿದ.

“ನಾಳೆಯಿಂದ ನೀನು ಬರಬೇಡ!”

“ಬರಲ್ಲ ಬಿಡಿ,” ಅಂದೆ. “ಹಗ್ಗ ಮಾತ್ರ ಎರಡು ತನ್ನಿ. ಬಲಗಡೆಯದೂ ಅಷ್ಟೇ ಹಳೇದು.”