ಕಡ್ಡಿ ತೊಲೆಯಾದದ್ದು

ಗಡಿಯಾಚೆಯಿಂದ ಬಂದ ಆ ಗಡಿಯಾರ ರಿಪೇರಿಯವನನ್ನು ಬೀದಿಯವರೆಲ್ಲ ಕಡ್ಡಿ ಎಂದೇ ಕರೆಯುತ್ತಿದ್ದರು. ಅವನೊಬ್ಬನೇ ಅಲ್ಲ, ಅವನ ಜನಾಂಗವೇ ಒಂದು ಕಡ್ಡಿಪೆಟ್ಟಿಗೆ ಎನ್ನುವುದು ಬೀದಿಯ ತೀರ್ಮಾನ. ಅವನು ಮರದ ವ್ಯಾಪಾರಿಯ ಮಗಳನ್ನು ಕೇಳಲು ಹೋದಾಗ ವ್ಯಾಪಾರಿ ನಕ್ಕುಬಿಟ್ಟಿದ್ದ.

"ನಿಮ್ಮ ಜನ ಫ್ಯಾನ್ ಹಾಕಿದ್ರೆ ಹಾರೋಗ್ತೀರಪ್ಪ. ನಮಗೆ ಬೇಕಾಗಿರೋದು ತೊಲೆ. ಮೈ ಬೆಳೆಸ್ಕೊಂಡು ಬಾ, ನೋಡೋಣ."

ಜಾಣನಾಗಿದ್ದರೆ ಅದನ್ನು 'ಇಲ್ಲ' ಎಂದು ತಿಳಿಯುತ್ತಿದ್ದ. ಕಡ್ಡಿ ಪ್ರೀತಿಸಿದ್ದ; 'ನೋಡೋಣ' ಎಂಬುದನ್ನಷ್ಟೇ ಕೇಳಿಸಿಕೊಂಡ. ಅವಳೂ "ಕಾಯ್ತೀನಿ ಕಣೋ" ಅಂದಿದ್ದಳು.

ಎರಡು ವರ್ಷ ಜಿಮ್ಮಿನಲ್ಲಿ ಕಬ್ಬಿಣ ಎತ್ತಿದ, ಇಳಿಸಿದ. ಇವನನ್ನು ಕಂಡರೆ ಮೊಟ್ಟೆಗಳೂ ಬೆಚ್ಚುವಂತಾಯಿತು. ಎದೆ ಹಿಗ್ಗಿತು, ತೋಳು ಉಬ್ಬಿತು, ಅಂಗಿಯ ಗುಂಡಿಗಳು ರಾಜೀನಾಮೆ ಕೊಟ್ಟವು. ಬೆರಳು ಮಾತ್ರ ನಡುಗತೊಡಗಿ, ಕೂದಲಿನಂಥ ಸ್ಪ್ರಿಂಗು ಕೂರಿಸಲಾಗದೆ, ಬರೀ ವಾಚಿನ ಬೆಲ್ಟು ಬದಲಿಸುವವನಾದ. ಕೈಕೆಲಸ ಹೋದರೆ ಹೋಯಿತು, ಕೈಹಿಡಿಯುವವಳು ಬರುತ್ತಾಳಲ್ಲ ಎಂದುಕೊಂಡ.

ಇಸ್ತ್ರಿ ಅಂಗಿ ತೊಟ್ಟು ಮತ್ತೆ ಕೇಳಲು ಹೋದ ದಿನ, ಆ ಮನೆಯ ಬಾಗಿಲಲ್ಲಿ ದೊಡ್ಡ ಕಪಾಟೊಂದು ನಿಂತಿತ್ತು.

"ಬಾರಪ್ಪ, ಸರಿಯಾದ ಹೊತ್ತಿಗೆ ಬಂದೆ," ಎಂದ ವ್ಯಾಪಾರಿ. "ಇದನ್ನ ಮೇಲಿನ ರೂಮಿಗೆ ಸಾಗಿಸ್ಬೇಕು. ಸ್ವಲ್ಪ ಬೆನ್ನು ಕೊಡು."

ಪರೀಕ್ಷೆಯಿರಬೇಕೆಂದು ಕಡ್ಡಿ ಒಬ್ಬನೇ ಕಪಾಟನ್ನು ಬೆನ್ನಿಗೇರಿಸಿದ. ಅರ್ಧದಷ್ಟು ಮೆಟ್ಟಿಲು ಹತ್ತಿರಬೇಕು, ಮೇಲಿನಿಂದ ಬಿದಿರುಕೋಲಿನಂಥ ಯುವಕನೊಬ್ಬ ಇಣುಕಿ, "ಗೋಡೆ ಹುಷಾರು, ಹೊಸ ಬಣ್ಣ," ಅಂದ.

"ನಮ್ಮ ಅಳಿಯಂದಿರು," ಹಿಂದಿನಿಂದ ವ್ಯಾಪಾರಿಯ ದನಿ ಬಂತು. "ನಮ್ಮೋರೇ. ಬರೋ ತಿಂಗಳು ಮದುವೆ. ಇದು ಮಗಳ ಕಪಾಟು."

ಮೆಟ್ಟಿಲು ಕಿರಿದು. ಇಳಿಸಲು ಜಾಗವಿಲ್ಲ, ತಿರುಗಲೂ ಇಲ್ಲ. ಕಡ್ಡಿ ಹತ್ತಿದ.

"ಏನು ತಾಕತ್ತು ಮಾವ ಇವನಿಗೆ," ಎಂದಿತು ಬಿದಿರು.

"ಇವರ ಜನಕ್ಕೆ ಅದು ಹುಟ್ಟಿನಿಂದ್ಲೇ ಬಂದಿರತ್ತೆ. ಹೊರೋದಕ್ಕೇ ಮಾಡಿದ ಮೈ."

ಎರಡು ವರ್ಷದ ಬೆವರು ಒಂದೇ ಮಾತಿಗೆ ಆರಿಹೋಯಿತು.

ಕೋಣೆಯಲ್ಲಿ ಅವಳಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು.

"ಏನೋ ಹೇಳೋಕೆ ಬಂದಂಗಿತ್ತಲ್ಲ?" ಎಂದ ವ್ಯಾಪಾರಿ, ಕಪಾಟು ಬೆನ್ನಿನಿಂದ ಇಳಿದ ಮೇಲೆ.

ಕಡ್ಡಿ ಅವಳನ್ನು ನೋಡಿದ. ಅವಳು ನೆಲ ನೋಡಿದಳು.

"ಏನಿಲ್ಲ. ಇದನ್ನ ಯಾವ ಗೋಡೆಗೆ ಇಡಬೇಕು?"

"ಕಿಟಕಿ ಪಕ್ಕ," ಎಂದಳು ಅವಳು.

ನೆಲಕ್ಕೆ ಗೀರು ಬೀಳದ ಹಾಗೆ ಅವನು ಅದನ್ನು ಮೆಲ್ಲಗೆ ಸರಿಸಿದ.