ಹುಲ್ಲಿನ ಕಡೆಯವರು, ಹಿಟ್ಟಿನ ಕಡೆಯವರು

ನಮ್ಮ ಮಾವ ಸರ್ವೆ ಇಲಾಖೆಯವರು. ಹಗಲೆಲ್ಲ ಅಣ್ಣತಮ್ಮಂದಿರ ಜಮೀನನ್ನು ಅಳೆದು ಪಾಲು ಮಾಡಿಕೊಟ್ಟು, ಸಂಜೆ ಮನೆಗೆ ಬಂದು ಊಟದ ಮೇಜಿನ ಮೇಲೆ ಪತಂಗಗಳಿಗೆ ಪಾಲು ಮಾಡುತ್ತಿದ್ದರು. ಹುಲ್ಲಿನಲ್ಲಿ ಓಡಾಡುವ ಕೆಲಸ. ಕಾಲಿಟ್ಟ ಕಡೆಯೆಲ್ಲ ಹುಲ್ಲುಪತಂಗಗಳು ಏಳುತ್ತಿದ್ದವಂತೆ. ನೀವೂ ನೋಡಿರುತ್ತೀರಿ, ನೋಡಿದ್ದೇವೆ ಎಂದು ಗೊತ್ತಿರುವುದಿಲ್ಲ ಅಷ್ಟೆ. ಹೆಜ್ಜೆ ಇಟ್ಟಾಗ ಒಂದು ಒಣ ಕಡ್ಡಿ ಹಾರುತ್ತದೆ, ಎರಡು ಮಾರು ಆಚೆ ಹೋಗಿ ದಂಟಿಗೆ ಅಂಟಿಕೊಂಡು ರೆಕ್ಕೆ ಸುತ್ತಿಕೊಂಡು ಮತ್ತೆ ಕಡ್ಡಿಯಾಗುತ್ತದೆ. ಅದೇ ಅದು.

ನಾನು ಆ ಮನೆಗೆ ಹೋದದ್ದು ಅಳಿಯನಾಗಿ ಅಲ್ಲ. ಮನೆಯ ಕೆಳಗೇ ಅತ್ತೆಯ ಬೇಕರಿ. ಅಲ್ಲಿ ಹಿಟ್ಟು ನಾದುವ ಕೆಲಸಕ್ಕೆ ಸೇರಿದವನು. ಮಧ್ಯಾಹ್ನದ ಊಟಕ್ಕೆ ಮೇಲೆ ಕರೆಯುತ್ತಿದ್ದರು. ಹಾಗೆ ಮೇಲೆ ಹೋಗಿ ಹೋಗಿ ಕೊನೆಗೆ ಮೇಲೆಯೇ ಉಳಿದುಬಿಟ್ಟೆ. ಮದುವೆಯಾದ ದಿನದಿಂದ ಅತ್ತೆ ನನಗೆ ‘ನೀವು’ ಅನ್ನತೊಡಗಿದರು. ಬ್ರೆಡ್ಡು ಸೀದರೆ ಮಾತ್ರ ಹಳೆಯ ‘ನೀನು’ ಹೊರಗೆ ಬರುತ್ತಿತ್ತು.

ಪತಂಗದ ವಿದ್ಯೆ ನನಗೆ ಹತ್ತಿದ್ದು ಆ ಊಟದ ಮೇಜಿನಲ್ಲಿ.

“ನೋಡಪ್ಪಾ,” ಮಾವ ಹೇಳುವರು, “ಮೊದಲು ಇವರದೆಲ್ಲ ಒಂದೇ ಮನೆ. ಮೂತಿ ಮುಂದಕ್ಕೆ ಚಾಚಿಕೊಂಡವರೆಲ್ಲ ಒಂದೇ ಒಲೆಯಲ್ಲಿ ಉಣ್ಣೋರು. ಆಮೇಲೆ ಯಾರೋ ಬುದ್ಧಿವಂತರು ಕಿವಿ ನೋಡಿದರು. ಅಲ್ಲಿಗೆ ಮನೆ ಎರಡಾಯ್ತು.”

“ಕಿವಿ ಎಲ್ಲಿರುತ್ತೆ ಸಾರ್?”

“ಹೊಟ್ಟೆಯ ಬುಡದಲ್ಲಿ.”

“ನಿಮ್ಮ ಸಾರ್‌ಗೂ ಅಲ್ಲೇ ಇರೋದು,” ಅತ್ತೆ ಬಡಿಸುತ್ತಾ ಅನ್ನುವರು. “ಊಟಕ್ಕೆ ಕರೆದರೆ ಮಾತ್ರ ಕೇಳಿಸುತ್ತೆ.”

ಹುಲ್ಲಿನ ಕಡೆಯವರ ಕಿವಿಯ ಗೂಡು ಮುಂದೆ ತೆರೆದಿರುತ್ತದೆ, ಎರಡು ಪೊರೆಗಳ ನಡುವೆ ಸಣ್ಣದೊಂದು ಮಡಿಕೆ ಇರುತ್ತದೆ. ಇನ್ನೊಂದು ಮನೆಯವರದು ಮುಚ್ಚಿದ ಗೂಡು, ಮಡಿಕೆ ಇಲ್ಲ. ಈ ಎರಡನೆಯ ಮನೆಗೆ ಸೇರಿದ್ದೇ ನಮ್ಮ ಬೇಕರಿಯ ಶತ್ರು, ಹಿಟ್ಟಿನ ಪತಂಗ. ಮಾವ ಅವಕ್ಕೆ ‘ಬೀಗರು’ ಎಂದು ಹೆಸರಿಟ್ಟಿದ್ದರು. ಅತ್ತೆ ಹಿಟ್ಟಿನ ಡಬ್ಬದ ಮುಚ್ಚಳ ತೆಗೆದು ಒಂದನ್ನು ಬಡಿದರೆ, “ಅಯ್ಯೋ, ತವರಿನವರನ್ನ ಹೀಗಾ ನೋಡಿಕೊಳ್ಳೋದು” ಎನ್ನುವರು.

“ನಮ್ಮ ಕಡೆಯವರು ನೋಡು, ಒಬ್ಬ ದಂಟು ಕೊರೆದು ಒಳಗೆ ಸೇರ್ತಾನೆ, ಒಬ್ಬ ಎಲೆ ಮಡಿಸಿ ಹೊಲಿದುಕೊಂಡು ಕೂರ್ತಾನೆ, ಇನ್ನೊಬ್ಬ ಹುಳವಾಗಿರುವಾಗ ನೀರಿನೊಳಗೇ ಸಂಸಾರ ಮಾಡ್ತಾನೆ. ಎಲ್ಲಾ ಕಷ್ಟಪಟ್ಟು ತಿನ್ನೋರು. ನಿಮ್ಮ ಕಡೆಯವರೋ, ಯಾರದೋ ಹಿಟ್ಟು, ಯಾರದೋ ಒಣದ್ರಾಕ್ಷಿ, ಜೇನಿನ ಗೂಡಿಗೆ ಹೋದರೆ ಮೇಣ.”

“ಬೆಳೆದ ಪೈರನ್ನ ಒಳಗಿಂದ ಕೊರೆಯೋದು ಕಷ್ಟಪಟ್ಟು ತಿನ್ನೋದಂತೆ,” ಅತ್ತೆ ನನಗೆ ಹೇಳುವರು. “ಕೇಳಿಸಿಕೊಂಡೆಯೇನಪ್ಪಾ?”

ಇವರಿಬ್ಬರ ಮಗಳು ಸಂಗ್ರಹಾಲಯದ ಕೀಟ ವಿಭಾಗದಲ್ಲಿ ಕೆಲಸಕ್ಕೆ ಸೇರಿದ್ದರಲ್ಲಿ ಆಶ್ಚರ್ಯವೇನಿಲ್ಲ. ಸಿಟ್ಟು ಬಂದರೆ ತುಟಿ ಮುಂದೆ ಮಾಡುವಳಾದ್ದರಿಂದ ಅವಳಿಗೆ ಅಪ್ಪ ಇಟ್ಟ ಅಡ್ಡಹೆಸರು ‘ಮೂತಿ’. ಹಾಗೆ ಕರೆಯುವ ಅಧಿಕಾರ ನನಗೆ ಇನ್ನೂ ಸಿಕ್ಕಿಲ್ಲ.

ಮಾವನದು ಒಂದು ಕಟ್ಟುನಿಟ್ಟು ಇತ್ತು. ಸೂಜಿಗೆ ಚುಚ್ಚಿದ ಪತಂಗದ ಕಾಲೋ ಹೊಟ್ಟೆಯೋ ಮುರಿದು ಬಿದ್ದರೆ ಅಂಟಿಸಕೂಡದು. ಬಿದ್ದ ಚೂರನ್ನು ಔಷಧದ ಖಾಲಿ ಕ್ಯಾಪ್ಸೂಲಿಗೆ ಹಾಕಿ, ಅದನ್ನು ಅದೇ ಸೂಜಿಗೆ ಚುಚ್ಚಿಡಬೇಕು. “ಅಂಟಿಸೋದೂ ಒಂದೇ, ಗಡಿಕಲ್ಲು ಸರಿಸೋದೂ ಒಂದೇ” ಎನ್ನುವರು. ಅವರು ಪತಂಗಗಳನ್ನು ಚುಚ್ಚಿಟ್ಟಿದ್ದ ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿ ಮಾತ್ರ ಪತಂಗವೇ ಇಲ್ಲದ ಒಂದು ಸೂಜಿ, ಅದರಲ್ಲೊಂದು ಕ್ಯಾಪ್ಸೂಲು ಇತ್ತು. ಇದೇನು ಸಾರ್ ಎಂದು ಒಮ್ಮೆ ಕೇಳಿದ್ದೆ. “ಅದು ನಮ್ಮ ಮನೆಯವಳ ಆಸ್ತಿ. ಮುಟ್ಟಬೇಡ” ಎಂದಿದ್ದರು. ತಮಾಷೆ ಎಂದುಕೊಂಡೆ. ಅವರು ಆ ಪೆಟ್ಟಿಗೆ ತೆಗೆದರೆ ಸಾಕು, ಅತ್ತೆ ಎಲ್ಲಿದ್ದರೂ ಟೀ ಮಾಡಿಕೊಂಡು ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಇವರಿಗೂ ಪತಂಗದ ಹುಚ್ಚು ಹಿಡಿಯಿತಲ್ಲ ಎಂದು ನಾವು ನಗುತ್ತಿದ್ದೆವು.

ಮಾವ ಹೋದಮೇಲೆ ಪೆಟ್ಟಿಗೆ ಮುಂದಿನ ಕೋಣೆಯ ಕಪಾಟಿನಲ್ಲೇ ಇತ್ತು. ಅದನ್ನು ಸಂಗ್ರಹಾಲಯಕ್ಕೆ ಕೊಟ್ಟುಬಿಡೋಣ ಎಂದು ನನ್ನ ಹೆಂಡತಿ ಈಚೆಗೆ ಮನಸ್ಸು ಮಾಡಿದಳು. ಕೊಡುವ ಮುಂಚೆ ಒಂದೊಂದನ್ನೂ ತಿರುಗಿಸಿ, ಕೆಳಗಿನಿಂದ ನೋಡತೊಡಗಿದಳು. ಪತಂಗಗಳನ್ನು ಎಲ್ಲರೂ ಮೇಲಿನಿಂದಲೇ ನೋಡುವುದು. ಕಿವಿ ಕಾಣಬೇಕಾದರೆ ಬೆನ್ನು ಕೆಳಗೆ ಮಾಡಬೇಕು.

ಅದೊಂದು ಭಾನುವಾರ. ಬೇಕರಿ ಮುಚ್ಚಿ ಮೇಲೆ ಬಂದೆ.

“ರೀ, ಇಲ್ಲಿ ಬನ್ನಿ. ಏನೂ ಮುಟ್ಟಬೇಡಿ. ಆ ಹಿಟ್ಟಿನ ಅಂಗಿ ಬಿಚ್ಚಿಟ್ಟು ಬನ್ನಿ.”

ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟೆ. ನನಗೆ ಕಂಡದ್ದು ಒಣಗಿದ ಬನ್ನಿನ ತಳ.

“ಇದು ಅಪ್ಪನ ಬೆಳ್ಳಿಗೆರೆ,” ಎಂದಳು. ಬಿಳಿ ರೆಕ್ಕೆಯ ಉದ್ದಕ್ಕೂ ಬೆಳ್ಳಿಯಂಥ ಗೆರೆಯಿದ್ದ ಪತಂಗ ಅದು. ಅಷ್ಟು ವರ್ಷ ಹುಲ್ಲು ತುಳಿದರೂ ಇಂಥ ಇನ್ನೊಂದು ಕಾಣಲಿಲ್ಲ ಎಂದು ಮಾವ ಕೊನೆಯವರೆಗೂ ಹೇಳುತ್ತಿದ್ದರು. “ರೆಕ್ಕೆ ನೋಡಿ, ಹುಲ್ಲಿನದು. ಮೂತಿ ಹುಲ್ಲಿನದು. ಈಗ ಕಿವಿ ನೋಡಿ. ಮುಚ್ಚಿದೆ. ಮಡಿಕೆ ಇಲ್ಲ. ಕಿವಿ ಬೀಗರದು.”

“ಅಂದರೆ?”

“ಅಂದರೆ ಪಾಲಾಗೋ ಮುಂಚಿನ ಮನೆಯ ಗುರುತು ಇರಬಹುದು ಇದು. ಎರಡೂ ಕಡೆಗೆ ಸೇರಿದ್ದು. ಇಂಥದು ಇದೆ ಅಂತ ಯಾರೂ ಹೇಳಿಲ್ಲ.” ಅವಳ ಕೆನ್ನೆ ಕೆಂಪಾಗಿತ್ತು. “ನಾಳೆ ನಮ್ಮಲ್ಲಿ ಸಭೆ ಇದೆ ಅಲ್ವಾ, ಹೊರಗಿನಿಂದೆಲ್ಲ ತಜ್ಞರು ಬರ್ತಾರೆ. ನಮ್ಮ ವಿಭಾಗದ ಮೇಡಂಗೆ ಫೋನ್ ಮಾಡಿದ್ದೆ. ನೀನೇ ಮೊದಲು ಮಾತಾಡು ಅಂದರು. ಆಮೇಲೆ ಎಲ್ಲರ ಎದುರಿಗೆ ಹೊಟ್ಟೆ ಬಿಡಿಸಿ, ಕಾಸ್ಟಿಕ್ ಸೋಡಾ ನೀರಲ್ಲಿ ನೆನೆಸಿ, ಒಳಗೆಲ್ಲ ನೋಡೋದು. ಅಪ್ಪನ ಹೆಸರು ಇಡ್ತೀನಿ ಇದಕ್ಕೆ.”

ಮಾವ ಹೋದಮೇಲೆ ಅವಳ ಮುಖದಲ್ಲಿ ಅಂಥ ಬೆಳಕು ನಾನು ನೋಡಿರಲಿಲ್ಲ.

“ಮೇಡಂ ಒಂದೇ ಮಾತು ಕೇಳಿದ್ದು,” ಎಂದಳು. “ಯಾರಾದರೂ ಬೇರೆ ಹೊಟ್ಟೆ ಅಂಟಿಸಿರಬಹುದಾ ಅಂತ. ಹಳೇ ಸಂಗ್ರಹಗಳಲ್ಲಿ ಅದೊಂದು ರೋಗ. ನಾನು ಹೇಳಿದೆ, ಮೇಡಂ, ನಮ್ಮಪ್ಪ ತಲೆ ಹೋದರೂ ಅಂಟಿಸೋರಲ್ಲ. ಅದಕ್ಕೆ ನಾನು ಹೊಣೆ.”

ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಿದ್ದ ಸದ್ದು ನಿಂತಿತು. ಅತ್ತೆ ಬಾಗಿಲಿಗೆ ಬಂದರು, ಮಗಳನ್ನೊಮ್ಮೆ ನೋಡಿದರು. “ಅಳಿಯಂದಿರೇ, ಓವನ್ ಆರಿಸಿದ್ದೀರಾ?” ಎಂದರು.

“ಆರಿಸಿದ್ದೀನಿ ಅತ್ತೆ.”

“ಇಲ್ಲ, ಬಾ, ನೋಡೋಣ.”

ಬಾ ಎಂದರು. ಏನೋ ಸೀದಿದೆ ಎಂದು ಆಗಲೇ ಗೊತ್ತಾಯಿತು.

ಕೆಳಗೆ ಹಿಟ್ಟಿನ ಮೂಟೆಯ ಮೇಲೆ ಕುಳಿತರು. ಸೆರಗಿನಲ್ಲಿ ಕೈ ಒರೆಸಿಕೊಂಡರು, ಒಣಗಿದ ಕೈಯನ್ನೇ ಮತ್ತೆ ಮತ್ತೆ.

“ಅಂಟಿಸಿದ್ದು ನಾನು,” ಎಂದರು.

ನಾನು ಇನ್ನೂ ಆ ಮನೆಗೆ ಬರುವ ಮುಂಚಿನ ಮಾತು. ಮಾವ ಕಾಯಿಲೆಯಾಗಿ ಆಸ್ಪತ್ರೆಯಲ್ಲಿದ್ದರು. ಮರಳಿ ಬರುವ ದಿನ ಮನೆ ಲಕ್ಷಣವಾಗಿರಲಿ ಎಂದು ಅತ್ತೆ ಎಲ್ಲ ಒರೆಸಿದರು. ಪೆಟ್ಟಿಗೆಯ ಗಾಜಿನ ಒಳಗೂ ದೂಳು ಕಂಡಿತು, ತೆಗೆದರು. ಬಟ್ಟೆಯ ಅಂಚು ತಗುಲಿತು. ಅಷ್ಟಕ್ಕೇ ಬೆಳ್ಳಿಗೆರೆಯ ಹೊಟ್ಟೆ ಉದುರಿತು.

“ನೆಲವೆಲ್ಲ ಮಂಡಿಯೂರಿ ಹುಡುಕಿದೆ. ಸಿಗಲಿಲ್ಲ. ಆ ಮನುಷ್ಯ ಆಸ್ಪತ್ರೆಯಲ್ಲಿ ನನ್ನ ಕೇಳಿದ್ದು ಎರಡೇ, ಮಗಳು ಹೇಗಿದ್ದಾಳೆ, ಪೆಟ್ಟಿಗೆಗೆ ಇರುವೆ ಹತ್ತಿಲ್ಲ ತಾನೆ ಅಂತ. ಬಂದು ನೋಡಿದರೆ ಹೊಟ್ಟೇನೇ ಇಲ್ಲ ಅಂದರೆ? ಇಲ್ಲಿ ಹಿಟ್ಟಿನ ಡಬ್ಬದ ಮೇಲೆ ಒಂದು ಪತಂಗ ಕೂತಿತ್ತು. ದಿನಾ ಕೊಲ್ತಿದ್ದೆ, ಅವತ್ತು ಅದಕ್ಕೊಂದು ಕೆಲಸ ಕೊಟ್ಟೆ. ಅದರ ಹೊಟ್ಟೆ, ಮೊಟ್ಟೆಯ ಬಿಳಿ, ಅತೀ ಸಣ್ಣ ಬ್ರಷ್ಷು. ಬನ್ನಿಗೆ ಎಳ್ಳು ಅಂಟಿಸಿದ ಹಾಗೆ.”

ನನಗೆ ನಗು ಬಂತು, ನುಂಗಿಕೊಂಡೆ.

“ನಗು, ನಗು. ನಾಳೆ ಅಷ್ಟು ಜನರ ಮುಂದೆ ಅದನ್ನ ನೀರಿಗೆ ಹಾಕ್ತಾರಂತೆ. ಬೇಯಿಸದ ಮೊಟ್ಟೆಯ ಬಿಳಿ ನೀರಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ?”

“ನಿಲ್ಲಲ್ಲ ಅತ್ತೆ.”

“ಅದಕ್ಕೆ ನಾನು ಹೊಣೆ ಅಂದುಬಿಟ್ಟಿದ್ದಾಳಲ್ಲೋ ಹುಡುಗಿ.” ನನ್ನ ಕಡೆ ತಿರುಗಿ, “ನೀನು ಹೇಳಿಬಿಡು,” ಎಂದರು. “ನೀನು ಹೇಳಿದರೆ ಬಯ್ಯಲ್ಲ.”

“ನಾನು ಹೇಳಿದರೆ ಅದು ಚಾಡಿ. ನೀವೇ ಹೇಳಬೇಕು. ಬೇಕಾದರೆ ಪಕ್ಕದಲ್ಲಿ ನಿಲ್ತೀನಿ.”

“ಆ ಮುಖ ನೋಡಿದೆಯಾ ಇವತ್ತು? ಎಷ್ಟು ದಿನದ ಮೇಲೆ ನೋಡಿದೆ ನಾನು ಅದನ್ನ. ನನ್ನ ಕೈಯಾರೆ ಆರಿಸಬೇಕಲ್ಲ.”

ಮೂಟೆಯಿಂದ ಎದ್ದರು. ಒಂದು ಮೊಟ್ಟೆ ಒಡೆದು ಬಿಳಿಯನ್ನು ಬಟ್ಟಲಿಗೆ ಬಿಟ್ಟು, ಬ್ರಷ್ಷು ಹಿಡಿದು ಮೆಟ್ಟಿಲು ಹತ್ತಿದರು. ಮಾತು ಬರದಿದ್ದರೆ ಸಾಮಾನಾದರೂ ಹೇಳಲಿ ಎಂದೋ ಏನೋ.

ಮಗಳು ನಾಳೆಯ ಮಾತನ್ನು ಗೋಡೆಗೆ ಹೇಳಿ ಅಭ್ಯಾಸ ಮಾಡುತ್ತಿದ್ದಳು. ಅತ್ತೆ ಬಟ್ಟಲನ್ನು ಸೂಕ್ಷ್ಮದರ್ಶಕದ ಪಕ್ಕ ಇಟ್ಟರು.

“ಅಮ್ಮಾ, ಇದೇನು, ಇಲ್ಲಿ ಮೊಟ್ಟೆ ಇಡ್ತೀಯಲ್ಲ.”

“ನಿಮ್ಮಪ್ಪ ಅಂಟಿಸೋರಲ್ಲ ಕಣೇ, ನಿಜ. ಆದರೆ ಈ ಮನೆಯಲ್ಲಿ ನಾನೂ ಇದ್ದೆ.”

ಮೂಟೆಯ ಮೇಲೆ ನನಗೆ ಹೇಳಿದ್ದನ್ನೆಲ್ಲ ಮತ್ತೆ ಹೇಳಿದರು. ಆಸ್ಪತ್ರೆ, ಬಟ್ಟೆಯ ಅಂಚು, ಡಬ್ಬದ ಮೇಲಿನ ಪತಂಗ. ನನ್ನ ಹೆಂಡತಿ ಕೇಳುತ್ತಾ ಕೇಳುತ್ತಾ ಕುರ್ಚಿಯಲ್ಲಿ ಕುಳಿತಳು. ತುಟಿ ಮೆಲ್ಲಗೆ ಮುಂದೆ ಬಂತು. ಸಭೆ, ಮೇಡಂ, ಅಪ್ಪನ ಹೆಸರು, ಎಲ್ಲ ಆ ತುಟಿಯ ತುದಿಯಲ್ಲಿ ಬಂದು ನಿಂತಂತಿತ್ತು. ಬಯ್ಯುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದೇ ಬೇರೆ.

“ಅಪ್ಪನಿಗೆ ಗೊತ್ತಿತ್ತಾ?”

“ಎಲ್ಲಿ ಗೊತ್ತು. ಗೊತ್ತಾಗಿದ್ದರೆ ಮನೆ ಮೇಲೆ ಕೆಳಗೆ ಮಾಡ್ತಿರಲಿಲ್ವಾ.”

ಅವಳು ಬೆಳ್ಳಿಗೆರೆಯನ್ನು ಮತ್ತೆ ಮಸೂರದಡಿ ಹಿಡಿದಳು. ಸೊಂಟದ ಬಳಿ ಒಂದು ತೆಳು ಹೊಳಪು, ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು. “ಅಪ್ಪ ಇದನ್ನ ವಾರಕ್ಕೊಂದು ಸಲ ನೋಡ್ತಿದ್ದರಮ್ಮ,” ಎಂದಳು. “ಕಾಣದೆ ಇರುತ್ತಾ?”

ಆಗ ನನ್ನ ಕಣ್ಣು ಪೆಟ್ಟಿಗೆಯ ಮೂಲೆಗೆ ಹೋಯಿತು. ಅವಳ ಕಣ್ಣು ನನಗಿಂತ ಮುಂಚೆಯೇ ಅಲ್ಲಿಗೆ ಹೋಗಿತ್ತು. ಪತಂಗವಿಲ್ಲದ ಸೂಜಿ, ಅದರ ಕ್ಯಾಪ್ಸೂಲು.

“ಇದು ಏನು ಅಂತ ನಾನೂ ಚಿಕ್ಕವಳಿದ್ದಾಗ ಕೇಳಿದ್ದೆ,” ಎಂದಳು. “ನಿಮ್ಮಮ್ಮನ ಆಸ್ತಿ ಅಂದಿದ್ದರು.”

ಮೆಲ್ಲಗೆ ಬಿಡಿಸಿದಳು. ಒಳಗಿದ್ದದ್ದು ಅಕ್ಕಿಕಾಳಿಗಿಂತ ಸಣ್ಣದು, ಬೆಳ್ಳಗೆ, ಒಣಗಿದ್ದು. ಮಸೂರದಡಿ ಇಟ್ಟು ಬಹಳ ಹೊತ್ತು ನೋಡಿದಳು. ಅತ್ತೆ ನನ್ನ ಮೊಣಕೈ ಹಿಡಿದುಕೊಂಡಿದ್ದರು.

“ತೆರೆದ ಗೂಡು,” ಎಂದಳು. “ಮಡಿಕೆ ಇದೆ. ಬೆಳ್ಳಿಗೆರೆಯದೇ ಹೊಟ್ಟೆ. ಸಿಕ್ಕಿದೆ ಅಮ್ಮ ಅಪ್ಪನಿಗೆ. ನೀನು ಹುಡುಕಿ ಬಿಟ್ಟ ನೆಲದಲ್ಲೇ.”

ಗಡಿಕಲ್ಲು ಸರಿದದ್ದನ್ನು ಕಣ್ಣಾರೆ ಕಂಡೂ ಸರ್ವೆಯವರು ಸುಮ್ಮನಿದ್ದರು ಎಂದಾಯಿತು. ನಿಯಮದಂತೆ ಚೂರನ್ನು ಕ್ಯಾಪ್ಸೂಲಿಗೆ ಹಾಕಿದ್ದರು. ಅದೇ ಸೂಜಿಗೆ ಚುಚ್ಚಿದರೆ ಹೆಂಡತಿಗೆ ಗೊತ್ತಾದೀತೆಂದು ಮೂಲೆಗೆ ಚುಚ್ಚಿದ್ದರು.

ಅತ್ತೆಗೆ ಮೊದಲು ಬಂದದ್ದು ಕಣ್ಣೀರಲ್ಲ, ಸಿಟ್ಟು. “ಒಂದು ಮಾತು ಹೇಳಬಾರದಿತ್ತಾ ಆ ಮಹಾರಾಯ? ಪೆಟ್ಟಿಗೆ ತೆಗೆದಾಗಲೆಲ್ಲ ನನ್ನ ಜೀವ ಬಾಯಿಗೆ ಬರ್ತಿತ್ತು. ಎಲ್ಲಿ ತಿರುಗಿಸಿ ನೋಡ್ತಾರೋ ಅಂತ ಓಡೋಡಿ ಟೀ ತಂದು ಪಕ್ಕದಲ್ಲಿ ನಿಂತು, ಬೇಕಿಲ್ಲದ್ದೆಲ್ಲ ಕೇಳಿ ಗಮನ ತಪ್ಪಿಸ್ತಿದ್ದೆ. ಇದು ಯಾವುದು, ಅದು ಯಾವುದು ಅಂತ. ಅರ್ಧ ವಿದ್ಯೆ ನನಗೆ ಬಂದಿದ್ದೇ ಹೆದರಿಕೇಲಿ.”

“ಅದಕ್ಕೇ ಹೇಳಿರಲಿಕ್ಕಿಲ್ಲ ಅಮ್ಮ,” ಎಂದಳು ಮಗಳು. “ಹೇಳಿಬಿಟ್ಟಿದ್ದರೆ ನೀನು ಟೀ ತರ್ತಿದ್ದೆಯಾ, ಬಂದು ನಿಲ್ತಿದ್ದೆಯಾ?”

ಅತ್ತೆ ಮೊಟ್ಟೆಯ ಬಟ್ಟಲನ್ನು ಎತ್ತಿ ಅಲ್ಲೇ ಇನ್ನೊಂದು ಕಡೆ ಇಟ್ಟರು.

ನನ್ನ ಹೆಂಡತಿ ಮೇಡಂಗೆ ಫೋನ್ ಮಾಡಿದಳು. “ಮೇಡಂ, ಅದು ಅಂಟಿಸಿದ್ದೇ. ನಾನು ಹೊಣೆ ಅಂದಿದ್ದೆ, ತಪ್ಪಾಯ್ತು… ಇಲ್ಲ, ಅಪ್ಪ ಅಲ್ಲ. ಅಮ್ಮ… ಹೌದು, ಹಿಟ್ಟಿನ ಪತಂಗದ್ದು… ಮೊಟ್ಟೆಯ ಬಿಳಿ, ಮೇಡಂ.” ಆ ಕಡೆಯಿಂದ ಬಂದ ನಗು ನನಗೂ ಕೇಳಿಸಿತು.

ಫೋನಿಟ್ಟು ನಮ್ಮ ಕಡೆ ತಿರುಗಿದಳು. “ನಾಳೆ ನಾನೇ ಮೊದಲು ಮಾತಾಡಬೇಕಂತೆ, ಇದರ ಬಗ್ಗೆಯೇ. ಇಂಥ ಬೀಗರು ಎಲ್ಲರ ಪೆಟ್ಟಿಗೆಯಲ್ಲೂ ಇದ್ದಾರೆ, ಒಪ್ಪಿಕೊಳ್ಳೋರು ಸಿಗಲ್ಲ ಅಂದರು. ಎರಡು ಹೊಟ್ಟೆಯನ್ನೂ ತಾ ಅಂದರು.”

“ನಿಮ್ಮಪ್ಪನ ಹೆಸರು?” ಅತ್ತೆ ಕೇಳಿದರು.

“ಎರಡೂ ಮನೆಯವನಂತೂ ಅಲ್ಲ ಇವನು. ಹುಲ್ಲಿನವನೇ. ಹೊಸಬನೋ, ಗೊತ್ತಿದ್ದವನೋ, ಇನ್ನು ನೋಡಬೇಕು. ಹೊಸಬನಾದರೆ ಹೆಸರು ಅಪ್ಪನದೇ.”

“ನಾನು ಅಂಟಿಸಿದ್ದನ್ನ ಕಿತ್ತುಹಾಕೇ ಮೊದಲು. ನೀರು ತರಲಾ?”

“ಬೇಡ. ಇರಲಿ. ಇದ್ದ ಹಾಗೇ ಇರುತ್ತೆ. ಕ್ಯಾಪ್ಸೂಲನ್ನ ಈಗ ಇದೇ ಸೂಜಿಗೆ ಹಾಕ್ತೀನಿ. ಕೆಳಗೊಂದು ಚೀಟಿ ಬರೀತೀನಿ, ಹೊಟ್ಟೆ ಬೇರೆಯದು, ಹಿಟ್ಟಿನ ಪತಂಗದ್ದು, ಮೊಟ್ಟೆಯ ಬಿಳಿಯಿಂದ ಅಂಟಿಸಿದ್ದು ಅಂತ.”

“ಯಾರು ಅಂಟಿಸಿದ್ದು ಅಂತ ಬರೀಬೇಡ.”

“ಸರಿ.”

ಅತ್ತೆ ಅಡುಗೆಮನೆಗೆ ಹೋದರು. ಟೀ ಪಾತ್ರೆ ಒಲೆಯ ಮೇಲೆ ಕುಳಿತ ಸದ್ದಾಯಿತು. ಟೀ ತಂದು ಪೆಟ್ಟಿಗೆಯ ಪಕ್ಕ ಇಟ್ಟು, ಎಂದಿನಂತೆ ನಿಂತರು. ಆಮೇಲೆ ಏನೆನ್ನಿಸಿತೋ, ಮಾವನ ಕುರ್ಚಿ ಎಳೆದುಕೊಂಡು ಕುಳಿತರು. ಮಗಳು ಸಣ್ಣ ಅಕ್ಷರದಲ್ಲಿ ಚೀಟಿ ಬರೆಯುವುದನ್ನು ನೋಡುತ್ತಿದ್ದರು.

“ಬೇಕಾದರೆ ಬರಿ,” ಎಂದರು ಕೊನೆಗೆ. “ಅಮ್ಮ ಅಂತ ಬರಿ. ಅಂಟು ಇಷ್ಟು ವರ್ಷ ಬಿಟ್ಟಿಲ್ಲ ಅಂತಾನೂ ಬರಿ. ಅಳಿಯಂದಿರೇ, ನಿಂತು ನೋಡ್ತೀರೇನು, ಆ ಮೊಟ್ಟೆ ಬಿಳಿ ಒಣಗ್ತಾ ಇದೆ. ಕೆಳಗೆ ತಗೊಂಡು ಹೋಗಿ.”