ತುಂಬುತೋಳಿನ ಅಂಗಿ

ದರ್ಜಿ ಅಕ್ಕನಿಗೆ ಮಕ್ಕಳಿರಲಿಲ್ಲ. ಬೀದಿಯ ಮಕ್ಕಳ ಅಳತೆಯೆಲ್ಲ ಅವಳ ಪುಸ್ತಕದಲ್ಲಿತ್ತು. ಆದರೂ ಮಕ್ಕಳ ವಿಚಾರ ಬಂದಾಗ ಹೆತ್ತವರಿಗೇ ಗೊತ್ತು ಎಂದು ಬಾಯಿ ಮುಚ್ಚಿಕೊಳ್ಳುವುದು ಅವಳ ರೂಢಿ.

ಶಾಲೆ ತೆರೆಯುವ ವಾರ ಒಬ್ಬ ಅಪ್ಪ ಎಂಟು ವರ್ಷದ ಮಗಳನ್ನು ಕರೆತಂದ. ಒಳ್ಳೆ ಮಾತುಗಾರ.

"ಶಾಲೆಯವರದು ಅರ್ಧ ತೋಳು. ನೀವು ತುಂಬುತೋಳು ಹೊಲೀರಿ ಅಕ್ಕ. ಬಿಸಿಲಿಗೆ ಕರ್ರಗಾಗ್ತಾಳೆ."

"ಈ ಸೆಕೇಲಿ ಬೆಂದು ಹೋಗ್ತಾಳಲ್ರೀ."

"ಇವಳಾ? ಗಾಳಿ ಕುಡ್ಕೊಂಡು ಬದುಕೋಳು. ಏನೂ ಆಗಲ್ಲ."

ಅಕ್ಕ ನಕ್ಕಳು. ಟೇಪು ಹಿಡಿದು, "ತೋಳೆತ್ತು ಪುಟ್ಟಿ," ಎಂದಳು. ಹುಡುಗಿ ಮೊದಲು ಅಪ್ಪನ ಮುಖ ನೋಡಿದಳು, ಆಮೇಲೆ ಬಲಗೈ ಎತ್ತಿದಳು. ಎಡಗೈ ಅರ್ಧಕ್ಕೇ ನಿಂತಿತು. ಟೇಪು ಹತ್ತಿರ ಬಂದಾಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು.

ಅವರು ಹೋದ ಮೇಲೆ ಅಕ್ಕ ಹೋದ ವರ್ಷದ ಪುಟ ತೆಗೆದಳು. ಹುಡುಗಿ ಎರಡು ಇಂಚು ಉದ್ದವಾಗಿದ್ದಳು. ಎದೆಯಳತೆ ಒಂದೂವರೆ ಇಂಚು ಇಳಿದಿತ್ತು.

"ಹೋದ ಸಲ ತಪ್ಪು ಬರ್ದಿದ್ದೀಯ ತಾತ," ಎಂದು ಅಂಗಡಿಯಲ್ಲಿ ಕೂತು ಗುಂಡಿಗೆ ಕಾಜಾ ಹಾಕುವ ಮುದುಕನ ಮೇಲೆ ಹರಿಹಾಯ್ದಳು.

"ನಡುಗೋದು ನನ್ನ ಕೈ, ಟೇಪಲ್ಲ," ಎಂದ ಮುದುಕ. "ಮಗು ಸೊರಗಿದೆ. ಟೀಚರಮ್ಮನ ಕಿವಿಗೆ ಒಂದು ಮಾತು ಹಾಕು."

"ಸ್ವಂತ ಅಪ್ಪ ಇದ್ದಾನೆ. ನಾನ್ಯಾಕೆ ಅವರ ಮನೆಗೆ ಬೆಂಕಿ ಹಚ್ಚಲಿ?"

ಅಳತೆ ಇಳಿದರೆ ಬಟ್ಟೆ ಒಳಗೆ ಹಿಡಿಯುವುದು ಅವಳ ಕಸುಬು. ಹಿಡಿದಳು. ಅಂಗಿ ಎಷ್ಟು ಒಪ್ಪವಾಗಿ ಕೂತಿತೆಂದರೆ ಹುಡುಗಿ ಸೊರಗಿದವಳಂತೆ ಕಾಣಲೇ ಇಲ್ಲ.

ಒಂಬತ್ತು ದಿನದ ಮೇಲೆ ಅಪ್ಪ ಒಬ್ಬನೇ ಬಂದು ಅಂಗಿಗಳನ್ನು ಮೇಜಿನ ಮೇಲಿಟ್ಟ.

"ಕೈಗುಣ ಅಂದ್ರೆ ನಿಮ್ದು ಅಕ್ಕ. ಒಂದೇ ಒಂದು, ಬರೆಯೋವಾಗ ತೋಳು ಮೇಲೆ ಸರಿಯುತ್ತೆ. ಮುಂಗೈ ಹತ್ರ ಬಿಗಿ ಮಾಡ್ಕೊಡಿ. ಏನೂ ಕಾಣಬಾರದು."

"ಏನು ಕಾಣುತ್ತೆ?"

ಮಾತುಗಾರ ಮೇಜಿನ ಮೇಲಿನ ತೋಳನ್ನು ಎಳೆದು ಮಡಿಸಿದ. "ಮೈ," ಎಂದ. "ಹೆಣ್ಮಗು ನೋಡಿ."

"ನಾಳೆ ಬನ್ನಿ," ಎಂದಳು. ತಾನೇ ಹೊಲಿದ ತೋಳುಗಳನ್ನು ಒಂದು ಸಲ ನೋಡಿದಳು. ಅವನು ತಿರುವು ದಾಟುವವರೆಗೆ ಕಾದು, ತನ್ನ ಗಿರಾಕಿಯೇ ಆಗಿದ್ದ ಟೀಚರಿಗೆ ಫೋನು ಮಾಡಿ, ಎರಡೂ ವರ್ಷದ ಅಳತೆ ಓದಿ ಹೇಳಿದಳು. ಎತ್ತಲಾರದ ಎಡಗೈ ವಿಚಾರವನ್ನೂ ಹೇಳಿದಳು.

ಸಂಜೆಯೊಳಗೆ ಮಕ್ಕಳ ರಕ್ಷಣಾ ಘಟಕದವರು ಹುಡುಗಿಯನ್ನು ಶಾಲೆಯಿಂದಲೇ ಆಸ್ಪತ್ರೆಗೆ ಸೇರಿಸಿದರು. ಎಡತೋಳಿನ ಮೂಳೆ ಯಾವಾಗಲೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಸುಟ್ಟ ಗಾಯ ಏಳು. ನಾಲ್ಕು ಹಳೆಯವು. ಮೂರು, ವೈದ್ಯರ ಪ್ರಕಾರ, ವಾರದೊಳಗಿನವು.